ಕೈ ಬೀಸಿ ನಡೆಯುವವರ ಗಡಿಯಾರ

ಉಳ್ಳವರ ಮನೆಯಲ್ಲಿ ಈಗ ಮೈ ಅನ್ನೋದು ಒಂದು ಖಾತೆ ಪುಸ್ತಕ. ಮಣಿಕಟ್ಟಿನ ಗಡಿಯಾರ ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ, ನಿದ್ದೆಗೂ ಮಾರ್ಕ್ಸು ಕೊಡುತ್ತದೆ. ತೂಕದ ಯಂತ್ರ, ಬಿಪಿ ಮಷೀನು ಎಲ್ಲವೂ ಮೊಬೈಲಿಗೆ ವರದಿ ಒಪ್ಪಿಸುತ್ತವೆ. ನಮ್ಮ ಹಾನಗಲ್ಲು, ಹಿರೇಕೆರೂರಿನ ಕಾಲೇಜು ಹುಡುಗರ ಕೈಗೂ, ಮಾಸ್ತರರ ಕೈಗೂ ಈ ಗಡಿಯಾರ ಬಂದಿದೆ. ಕವಿತೆಯನ್ನು ಓದಿದ ಹಾಗೆ ಇದನ್ನೂ ನಾವು ಓದಬೇಕಾಗಿದೆ. ಯಾರ ಮೈಯನ್ನು ಕಣ್ಣ ಮುಂದೆ ಇಟ್ಟುಕೊಂಡು ಇದು ಹುಟ್ಟಿತು?

ಗೆಳೆಯರೆ, ಗಡಿಯಾರ ಕಾಲನ್ನು ನೋಡುವುದಿಲ್ಲ. ಕೈಯ ಅಲುಗಾಟ ನೋಡಿ ನಡಿಗೆಯನ್ನು ಊಹಿಸುತ್ತದೆ. ಕೈ ಬೀಸಿ ನಡೆಯುವವನು ಯಾರು? ಕೈ ಖಾಲಿ ಇದ್ದವನು. ತಲೆಯ ಮೇಲೆ ಮೇವಿನ ಹೊರೆ ಹೊತ್ತು, ಒಂದು ಕೈಯಿಂದ ಅದನ್ನ ಹಿಡಿದು ಬರೋ ನಮ್ಮವ್ವನ ಹೆಜ್ಜೆ ಆ ಲೆಕ್ಕದಾಗ ಸರಿಯಾಗಿ ಬೀಳಂಗಿಲ್ಲ. ಹಾನಗಲ್ಲಿನ ಗದ್ದೆಯಲ್ಲಿ ದಿನವಿಡೀ ನಡು ಬಗ್ಗಿಸಿ, ಹಿಂದ ಹಿಂದಕ ಸರಿಯುತ್ತ ಭತ್ತದ ಸಸಿ ಹಚ್ಚುವಾಕಿಯ ದುಡಿಮೆಯೂ ಅದರ ಅಳತೆಗೆ ಸಿಗುವುದು ಕಷ್ಟ. ಕುಂತಲ್ಲೇ ರೊಟ್ಟಿ ಬಡಿದರೆ ಮಾತ್ರ ನಾಕು ಹೆಜ್ಜೆ ಜಮಾ ಆದಾವು!

ದಿನಕ್ಕೆ 10,000 ಹೆಜ್ಜೆ ಎಂಬ ಮಂತ್ರವೂ ಅಷ್ಟೆ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟುವ ಯಂತ್ರವೊಂದನ್ನು ಮಾರಾಟಕ್ಕೆ ಬಿಟ್ಟಿತು. ಹೆಸರು 'ಮಾನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರುವ ಹೆಸರು ಮೊದಲು ಬಂತು, ಪುರಾವೆ ಹುಡುಕಿದ್ದು ಆಮೇಲೆ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಸುಮಾರು 7,500 ಹೆಜ್ಜೆಯ ಆಚೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಂತ್ರ ಮಾತ್ರ ಇನ್ನೂ ನಡೆದಿದೆ.

ಬಣ್ಣದ ಮಾತನ್ನೂ ಆಡಿಬಿಡೋಣ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ನೋಡಿದರು. ಆಮ್ಲಜನಕ ಕುಸಿದಿದ್ದರೂ ಯಂತ್ರ 'ಸರಿಯಿದೆ' ಎಂದದ್ದು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಬಿಸಿಲಿಗೆ ಬೆಂದ ನಮ್ಮ ಮೈಗಳಿಗೆ ಇದು ದೂರದ ಸುದ್ದಿಯಲ್ಲ.

ಇನ್ನು ಅದೇ ಜಾತಿಯ ಗಡಿಯಾರ ದುಡಿಯುವವನ ಕೈಗೆ ಬಂದಾಗ ಏನಾಗುತ್ತದೆ ನೋಡಿ. ಬಾಬಾಸಾಹೇಬರು 1956ರಲ್ಲಿ ದೀಕ್ಷೆ ತೆಗೆದುಕೊಂಡ ನಾಗಪುರದಲ್ಲಿ, ಆಮೇಲೆ ಚಂಡೀಗಢದಲ್ಲಿ, ಪಾಲಿಕೆಗಳು ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದವು. ಅವರ ಉಸಿರಿನ ಬಗ್ಗೆ ಕಾಳಜಿಯಿಂದಲ್ಲ. ಯಾವ ಬೀದಿಯಲ್ಲಿ ಇದ್ದಾರೆ, ಎಲ್ಲಿ ಕುಂತರು ಎಂದು ಕಚೇರಿಯಿಂದ ನೋಡಲಿಕ್ಕೆ, ಅದಕ್ಕೆ ತಕ್ಕ ಹಾಗೆ ಪಗಾರ ಕೊಡಲಿಕ್ಕೆ. ಕಾರ್ಮಿಕರು ವಿರೋಧಿಸಿದರು. ಸಾಹುಕಾರನ ಕೈಯಲ್ಲಿ ಆರೋಗ್ಯ, ಪೌರಕಾರ್ಮಿಕನ ಕೈಯಲ್ಲಿ ಬೇಡಿ!

ನಮ್ಮ ಸವಣೂರನ್ನೇ ನೆನೆಯಿರಿ. 2010ರ ಜುಲೈನಲ್ಲಿ, ತಲೆಮಾರುಗಳಿಂದ ಇದ್ದ ಮನೆ ಬಿಡಿಸುವ ಮಾತು ಬಂದಾಗ, ಮಲ ಬಳಿಯುವ ಕುಟುಂಬಗಳವರು ಪುರಸಭೆಯ ಎದುರು ಮಲವನ್ನೇ ಮೈಮೇಲೆ ಸುರಿದುಕೊಂಡರು. ಅಲ್ಲೀತನಕ ಅವರ ಮೈಯ ಲೆಕ್ಕ ಯಾರ ಕಡತದಲ್ಲಿತ್ತು?

ಹಂಗಂತ ಯಂತ್ರವನ್ನು ತಿಪ್ಪೆಗೆ ಎಸೆಯಿರಿ ಅನ್ನುವವರು ನಾವಲ್ಲ. ಬಿಪಿ ಬಹಳ ಮಂದಿಗೆ ಸುಳಿವೇ ಕೊಡದೆ ಏರುತ್ತದೆ. ಮನೆಯಲ್ಲೇ ಅಳೆದುಕೊಂಡರೆ ಜೀವ ಉಳಿದೀತು. ಕೇರಿಗೊಂದು ಒಳ್ಳೆಯ ಬಿಪಿ ಮಷೀನು ಬೇಕು, ಅದನ್ನು ನೋಡಲು ಕಲಿತ ಹುಡುಗಿ ಬೇಕು, ಅಂಕಿ ನಮ್ಮ ಹತ್ತಿರವೇ ಇರಬೇಕು. ಶಿಗ್ಗಾವಿಯ ಹಮಾಲನಿಗೆ ಮಷೀನು 170 ತೋರಿಸಿದರೆ ಅವನು ಒಂದು ದಿನದ ಕೂಲಿ ಬಿಟ್ಟು ದವಾಖಾನಿಯ ಪಾಳಿಗೆ ನಿಲ್ಲಬೇಕು. ಆ ಕೂಲಿ ಕೊಡೋರು ಯಾರು? ಗುಳಿಗೆ ತಿಂಗಳು ತಿಂಗಳು ತಪ್ಪದೆ ಸಿಗುತ್ತದೆಯೆ? ಗಡಿಯಾರ ಮಾರುವವರನ್ನಲ್ಲ, ಸರ್ಕಾರವನ್ನು ಇದನ್ನು ಕೇಳಬೇಕಾಗಿದೆ.