ಪಾಠ ಹೊಂದಿಸುವ ಕೆಲಸ ಯಾರದು? ಕೇರಳದ ಸಮನ್ವಯ ಶಿಕ್ಷಣ

ಒಂದೇ ತರಗತಿಯಲ್ಲಿ ಕೂತ ಮಕ್ಕಳಿಗೆ ಒಂದೇ ಪಾಠವನ್ನು ಬೇರೆ ಬೇರೆ ದಾರಿಯಲ್ಲಿ ತಲುಪಿಸುವುದಕ್ಕೆ ಕೇರಳದ ಶಾಲೆಗಳಲ್ಲಿ ಅನುರೂಪೀಕರಣ ಎನ್ನುತ್ತಾರೆ. ಪಾಠದ ವಿಷಯ ಹಾಗೇ ಉಳಿಯುತ್ತದೆ. ಸಾಮಗ್ರಿ, ಸಮಯ, ಕೆಲಸದ ಪ್ರಮಾಣ, ಉತ್ತರಿಸುವ ರೀತಿ ಇವು ಮಗುವಿಗೆ ತಕ್ಕಂತೆ ಬದಲಾಗುತ್ತವೆ. ಕೊಚ್ಚಿಯ ಎಡಪ್ಪಳ್ಳಿಯಂಥ ಕಡೆ ನಾಲ್ಕನೇ ತರಗತಿಗೆ ಹಣದ ಲೆಕ್ಕ ಕಲಿಸಬೇಕಿದೆ ಎನ್ನೋಣ. ಮೆಟ್ರೋ ಟಿಕೆಟಿಗೆ ಕೊಟ್ಟ ನೋಟಿಗೆ ಎಷ್ಟು ಚಿಲ್ಲರೆ ವಾಪಸ್ಸು ಬರಬೇಕು ಎಂಬುದು ಪ್ರಶ್ನೆ. ದೃಷ್ಟಿ ಮಂದವಾಗಿರುವ ಮಗುವಿಗೆ ಅದೇ ಲೆಕ್ಕ ದಪ್ಪ ಅಕ್ಷರದಲ್ಲಿ ಬರುತ್ತದೆ, ಜೊತೆಗೆ ಕೈಯಲ್ಲಿ ಮುಟ್ಟಿ ಗುರುತಿಸಲು ನಿಜವಾದ ನಾಣ್ಯಗಳಿರುತ್ತವೆ. ಬರವಣಿಗೆ ಕಷ್ಟವಾಗುವ ಮಗು ಬಾಯಲ್ಲಿ ಉತ್ತರ ಹೇಳುತ್ತದೆ. ಬೌದ್ಧಿಕ ಹಿನ್ನಡೆಯಿರುವ ಮಗು ಹತ್ತು ರೂಪಾಯಿಯೊಳಗಿನ ಲೆಕ್ಕದಲ್ಲಿ ತೊಡಗುತ್ತದೆ. ಶ್ರವಣದೋಷವಿರುವ ಮಗುವಿಗಾಗಿ ಶಿಕ್ಷಕಿ ಬೋರ್ಡಿನ ಕಡೆ ತಿರುಗಿ ಮಾತಾಡುವ ರೂಢಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಇದಾವುದಕ್ಕೂ ದೊಡ್ಡ ಖರ್ಚಿಲ್ಲ. ಬೇಕಾದದ್ದು ಹಿಂದಿನ ದಿನವೇ ಪಾಠಯೋಜನೆಯಲ್ಲಿ ಈ ನಾಲ್ವರನ್ನೂ ಲೆಕ್ಕಕ್ಕೆ ಹಿಡಿಯುವುದು. ಕೇರಳದ ವ್ಯವಸ್ಥೆ ಸೊರಗುವುದು ಇಲ್ಲಿಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 17ನೇ ಸೆಕ್ಷನ್ ಪಠ್ಯಕ್ರಮ, ಪರೀಕ್ಷೆ ಎರಡರಲ್ಲೂ ತಕ್ಕ ಮಾರ್ಪಾಡು ಮಾಡಬೇಕೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಆಚರಣೆಯಲ್ಲಿ ಪರೀಕ್ಷೆಯ ಭಾಗ ಮಾತ್ರ ಗಟ್ಟಿಯಾಗಿ ಬೇರೂರಿತು. ಎಸ್‌ಎಸ್‌ಎಲ್‌ಸಿಗೆ ಬರೆದುಕೊಡುವ ಸಹಾಯಕ, ಹೆಚ್ಚುವರಿ ಸಮಯ ಮುಂತಾದವಕ್ಕೆ ಅರ್ಜಿ ಇದೆ, ವೈದ್ಯಕೀಯ ಪ್ರಮಾಣಪತ್ರ ಇದೆ, ಆದೇಶ ಇದೆ. ಸಿಗದಿದ್ದರೆ ಕೇಳುವವರೂ ಇದ್ದಾರೆ. ಜೂನ್‌ನಿಂದ ಫೆಬ್ರವರಿಯವರೆಗೆ ಪಾಠ ಹೇಗೆ ನಡೆಯಿತೆಂದು ಕೇಳುವ ಕಾಗದ ಅಷ್ಟು ಬಲವಾಗಿಲ್ಲ. ಹತ್ತು ವರ್ಷ ಪಾಠ ದಕ್ಕದ ಮಗುವಿಗೆ ಪರೀಕ್ಷೆಯ ದಿನ ಸಿಗುವ ರಿಯಾಯಿತಿ ಪರಿಹಾರವಾಗಲಾರದು.

ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರದ ಯೋಜನೆ 1974ರಷ್ಟು ಹಿಂದಿನದು. 2018ರಿಂದ ಈ ಕೆಲಸ ಸಮಗ್ರ ಶಿಕ್ಷಾ ಅಡಿಯಲ್ಲಿ ನಡೆಯುತ್ತಿದೆ. ಕೇರಳದಲ್ಲಿ ಬ್ಲಾಕ್ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಗೆ ಸೇರಿದ ವಿಶೇಷ ಶಿಕ್ಷಕರು ಒಂದಕ್ಕಿಂತ ಹೆಚ್ಚು ಶಾಲೆಗಳನ್ನು ಸುತ್ತುತ್ತಾರೆ. ಕರ್ನಾಟಕದಲ್ಲಿ ಇದೇ ಕೆಲಸ ಮಾಡುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರ, ಅಂದರೆ ಬಿಐಇಆರ್‌ಟಿಗಳ ಪಾಡು ಬಲ್ಲವರಿಗೆ ಇದು ಹೊಸದಲ್ಲ. ತರಬೇತಿ ಪಡೆದ ಕೇರಳದ ಈ ಶಿಕ್ಷಕರು ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿದಿದ್ದಾರೆ. ಕೇರಳ ಮಕ್ಕಳನ್ನು ಶಾಲೆಯೊಳಗೆ ಕರೆತಂದದ್ದರಲ್ಲಿ ಅವರ ಪಾಲು ದೊಡ್ಡದು. ವಿಶೇಷ ಶಿಕ್ಷಕರ ನೇಮಕದ ಕುರಿತು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 2022ರಲ್ಲಿ ಕೇಂದ್ರ ಸರ್ಕಾರ ಕಿರಿಯ ಪ್ರಾಥಮಿಕದಲ್ಲಿ 10 ಅಂಗವಿಕಲ ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಅನುಪಾತ ಗೊತ್ತುಮಾಡಿತು. ಅನುಪಾತ ಸರಿಹೋದರೂ ಒಂದು ತೊಡಕು ಉಳಿಯುತ್ತದೆ. ವಿಶೇಷ ಶಿಕ್ಷಕಿ ಬಂದ ದಿನ ಮಗುವನ್ನು ತರಗತಿಯಿಂದೆಬ್ಬಿಸಿ ಬೇರೆ ಕೋಣೆಯಲ್ಲಿ ಕೂರಿಸಿದರೆ, ಆ ಹೊತ್ತಿನ ಪಾಠ ಅದಕ್ಕೆ ತಪ್ಪುತ್ತದೆ. ಅವರು ಬಾರದ ದಿನ ಅದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತದೆ. ತರಗತಿ ಶಿಕ್ಷಕರ ಜೊತೆ ಕೂತು ಮುಂದಿನ ವಾರದ ಪಾಠವನ್ನು ಸಜ್ಜುಗೊಳಿಸುವುದೇ ವಿಶೇಷ ಶಿಕ್ಷಕರ ಮುಖ್ಯ ಕೆಲಸವಾಗಬೇಕು, ಅದಕ್ಕೆ ವೇಳಾಪಟ್ಟಿಯಲ್ಲೇ ಜಾಗ ಬೇಕು.

ಹೀಗೆ ಪಾಠ ಹೊಂದಿಸುವುದಕ್ಕೆ ನೆಲ ಹದವಾಗಿಯೇ ಇತ್ತು. 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ), ಅನಂತರ 2007ರ ರಾಜ್ಯ ಪಠ್ಯಕ್ರಮ ಚೌಕಟ್ಟು ಕೇರಳದ ತರಗತಿಯನ್ನು ಕಂಠಪಾಠದಿಂದ ಚಟುವಟಿಕೆ, ಗುಂಪು ಕಲಿಕೆಗಳ ಕಡೆ ತಿರುಗಿಸಿದವು. ಗುಂಪಿನಲ್ಲಿ ಒಬ್ಬ ಬರೆಯುತ್ತಾನೆ, ಒಬ್ಬಳು ಚಿತ್ರ ಬಿಡಿಸುತ್ತಾಳೆ, ಮತ್ತೊಬ್ಬಳು ವಿವರಿಸುತ್ತಾಳೆ. ಎಲ್ಲರಿಗೂ ಪಾಲು ಕೊಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಆದರೆ ಕೊನೆಗೆ ಬೆಲೆ ಬರುವುದು ನೋಟ್‌ಬುಕ್ಕಿನ ಬರಹಕ್ಕೆ ಮಾತ್ರ ಎಂದಾದರೆ, ಬರೆಯಲಾಗದ ಮಗು ಗುಂಪಿನಲ್ಲಿದ್ದೂ ಹೊರಗುಳಿಯುತ್ತದೆ.

ತಪಾಸಣೆಯಲ್ಲಿ ರಾಜ್ಯ ಮುಂದಿದೆ. ತಿರುವನಂತಪುರದಲ್ಲಿ 1987ರ ಶಿಶು ಬೆಳವಣಿಗೆ ಕೇಂದ್ರವೂ 1997ರ ವಾಕ್ ಶ್ರವಣ ಸಂಸ್ಥೆ ನಿಶ್ ಕೂಡ ಬಹಳ ಬೇಗ ತಲೆಯೆತ್ತಿದವು. ಮಗುವಿನ ತೊಂದರೆ ಚಿಕ್ಕಂದಿನಲ್ಲೇ ಗೊತ್ತಾಗುವುದು ದೊಡ್ಡ ಲಾಭ. ವರದಿಯಲ್ಲಿರುವ ಅಂಕಿಗಳು ನಾಳೆಯ ಪಾಠಕ್ಕೆ ಏನು ಹೇಳುತ್ತವೆ ಎಂಬುದನ್ನು ಶಿಕ್ಷಕಿಗೆ ಬಿಡಿಸಿ ಹೇಳಿದಾಗ ಆ ಲಾಭ ತರಗತಿಗೂ ದಕ್ಕುತ್ತದೆ.

ಕೋವಿಡ್ ಕಾಲದಲ್ಲಿ, 2020ರಲ್ಲಿ, ಸಮಗ್ರ ಶಿಕ್ಷಾ ಕೇರಳ ನಡೆಸಿದ ‘ವೈಟ್‌ಬೋರ್ಡ್’ ಆನ್‌ಲೈನ್ ತರಗತಿಗಳು ಈ ವಿಚಾರದಲ್ಲಿ ಗಮನಾರ್ಹ. ಅದುವರೆಗೆ ಒಬ್ಬೊಬ್ಬ ವಿಶೇಷ ಶಿಕ್ಷಕರ ಚೀಲದಲ್ಲಿದ್ದ ಹೊಂದಿಸಿದ ಪಾಠ ಅಲ್ಲಿ ಎಲ್ಲ ಶಿಕ್ಷಕರೂ ನೋಡಿ ಕಲಿಯುವಂತೆ ಬಯಲಿಗೆ ಬಂತು. ಹಾಸಿಗೆ ಹಿಡಿದ ಮಕ್ಕಳ ಮನೆಗೆ ಸಹಪಾಠಿಗಳನ್ನು ಕರೆದೊಯ್ಯುವ ‘ಚಙ್ಙಾತಿಕ್ಕೂಟ್ಟಂ’ ಕಾರ್ಯಕ್ರಮವೂ ಮೆಚ್ಚುವಂಥದ್ದು. ಆ ಭೇಟಿಗೆ ಮಕ್ಕಳು ಅಂದಿನ ಪಾಠದ ಒಂದು ತುಣುಕನ್ನೂ ಒಯ್ದರೆ ಗೆಳೆತನದ ಜೊತೆಗೆ ಕಲಿಕೆಯೂ ಆ ಮನೆ ಮುಟ್ಟುತ್ತದೆ.

ಇನ್ನೊಂದು ಪ್ರಯೋಗ ಅಂಗವೈಕಲ್ಯಕ್ಕೆ ಸಂಬಂಧಿಸಿದ್ದಲ್ಲ, ಆದರೂ ಇಲ್ಲಿ ಬಹಳ ಉಪಯುಕ್ತ. ವಲಸೆ ಕಾರ್ಮಿಕರ ಮಕ್ಕಳಿಗಾಗಿ ಎರ್ನಾಕುಳಂ ಜಿಲ್ಲಾಡಳಿತ 2017ರಲ್ಲಿ ‘ರೋಶ್ನಿ’ ಆರಂಭಿಸಿತು. ಮಗುವಿನ ಮನೆಮಾತಿನಿಂದ ಹೊರಟು ಮಲಯಾಳಕ್ಕೆ ದಾಟಿಸುವುದು ಅದರ ಕ್ರಮ. ಶಾಲೆಯ ಭಾಷೆ ತಿಳಿಯದ ಮಗು ಮಂಕಾಗಿ ಕಾಣುತ್ತದೆ, ಅದನ್ನು ಕಲಿಕಾ ನ್ಯೂನತೆ ಎಂದು ಬರೆದುಕೊಳ್ಳುವ ಅಪಾಯ ಸದಾ ಇದೆ. ನಿಜವಾದ ನ್ಯೂನತೆಯಿರುವ ವಲಸೆ ಮಗುವಿನಲ್ಲಿ ಭಾಷೆಯ ತೊಡಕೇ ಅದನ್ನು ಮುಚ್ಚಿಬಿಡಲೂಬಹುದು.

ಈ ಮಾತು ಕಾಸರಗೋಡಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಗೇರುತೋಟಗಳ ಮೇಲೆ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆಯಂಥ ಪಂಚಾಯತಿಗಳಲ್ಲಿ ಹಲವರ ಮನೆಮಾತು ತುಳುವೋ ಕನ್ನಡವೋ ಆಗಿರುತ್ತದೆ, ಕಚೇರಿಯದು ಮಲಯಾಳ. 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಮೊದಲ್ಗೊಂಡು ಸ್ಥಳೀಯ ಸಂಸ್ಥೆಗಳ ಮೂಲಕ ಹರಡಿದ ಬಡ್ಸ್ ಶಾಲೆಗಳು ಇಲ್ಲಿನ ಬೌದ್ಧಿಕ ಹಿನ್ನಡೆಯ ಮಕ್ಕಳಿಗೂ ಆಸರೆಯಾಗಿವೆ. ಊಟ, ಸ್ನಾನ, ನೋವು, ಬೇಡ ಎಂಬ ಮಾತುಗಳನ್ನು ಕಲಿಸಬೇಕಾದ ಮಗುವಿಗೆ ಅವ್ವ ಆಡುವ ಮಾತಿನಲ್ಲೇ ಅವು ಬರಬೇಕು. ತಪಾಸಣೆಯ ಪ್ರಶ್ನೆ, ಚಿತ್ರಕಾರ್ಡು, ಪೋಷಕರಿಗೆ ಕೊಡುವ ಸೂಚನೆ ಇವಿಷ್ಟೂ ಕನ್ನಡದಲ್ಲಿ, ತುಳುವಿನಲ್ಲಿ ಸಿದ್ಧವಿರಬೇಕು. ಆ ಭಾಗಕ್ಕೆ ನೇಮಕವಾಗುವ ವಿಶೇಷ ಶಿಕ್ಷಕರಿಗೆ ಈ ಭಾಷೆಗಳಲ್ಲೊಂದು ತಿಳಿದಿರಬೇಕೆಂಬುದು ನೇಮಕದ ನಿಯಮವೇ ಆಗಬೇಕು.