ಸ್ವಂತ ಖರ್ಚಿನ ಪುಸ್ತಕ: ಯಾರ ಲೆಕ್ಕ?

ಕನ್ನಡದಲ್ಲಿ ‘ಲೇಖಕರೇ ಪ್ರಕಟಿಸಿದ್ದು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದರ ಮೇಲೆ ಅದು ತ್ಯಾಗವೂ ಆಗುತ್ತದೆ, ಚಟವೂ ಆಗುತ್ತದೆ. ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನಮ್ಮ ಸಾಹಿತ್ಯ ಚರಿತ್ರೆ ಕಣ್ಣು ತುಂಬಿಕೊಂಡು ಹೇಳುತ್ತದೆ. ಹೇಳಬೇಕಾದದ್ದೇ. ಅವರ ಕಷ್ಟವನ್ನು ನಾನು ಸಣ್ಣದು ಮಾಡುತ್ತಿಲ್ಲ. ನನ್ನ ತಕರಾರು ಇಷ್ಟೇ: ತಲೆಯ ಗಂಟು ಇಳಿಸಲು ಒಂದು ಜಗಲಿ ಬೇಕು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಬ್ರಾಹ್ಮಣ ಮಾಸ್ತರರಿಗೆ ಆ ಜಗಲಿ ಹತ್ತುವ, ಕುಡಿಯಲು ನೀರು ಕೇಳುವ ಹಕ್ಕಿತ್ತು. ಅದೇ ಕಾಲದಲ್ಲಿ ಹೊಲೆಯರ ಹುಡುಗನೊಬ್ಬ ಅಂಥದ್ದೇ ಗಂಟು ಹೊತ್ತು ಬಂದಿದ್ದರೆ ಅಂಗಳದ ಆಚೆಯೇ ನಿಲ್ಲಬೇಕಿತ್ತು. ಸ್ವಂತ ಪ್ರಕಟಣೆಯ ಬಂಡವಾಳದಲ್ಲಿ ಕಾಗದ, ಅಚ್ಚುಮೊಳೆಗಳ ಜೊತೆಗೆ ಈ ಜಗಲಿಯನ್ನೂ ಸೇರಿಸಿ ಲೆಕ್ಕ ಹಾಕಿದ ವಿಮರ್ಶೆಯನ್ನು ನಾನಿನ್ನೂ ಓದಿಲ್ಲ.

ನಮ್ಮ ಕಡೆಗೇ ಬರೋಣ. ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ ಇಟ್ಟು, ಹರ್ಷ ಪ್ರಕಟಣಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಂದರು. ಯಾರ ಹಂಗೂ ಬೇಡವೆಂಬ ಆ ಹಟ ದೊಡ್ಡದು. ಆದರೆ 1933ರ ‘ಚೋಮನ ದುಡಿ’ಯಲ್ಲಿ ಚೋಮನಿಗೆ ಬೇಕಿದ್ದುದೂ ಅದೇ ಅಲ್ಲವೇ? ಯಾರ ಹಂಗೂ ಇಲ್ಲದ ತನ್ನದೇ ಬೇಸಾಯ. ಎತ್ತುಗಳಿದ್ದವು, ಉಳಲು ಭೂಮಿ ಸಿಗಲಿಲ್ಲ. ಚೋಮನ ಕಥೆ ಬರೆದವರಿಗೆ ಪ್ರೆಸ್ ಇತ್ತು. ಚೋಮನ ಮೊಮ್ಮಕ್ಕಳು ತಾವೇ ಬರೆಯಲು ಕೂತಾಗ ಅವರ ಕೈಯಲ್ಲಿ ಏನಿತ್ತು ಎಂಬುದು ಮುಂದಿನ ಪ್ರಶ್ನೆ.

ನನ್ನ ಕೈಯಲ್ಲಿ ಸಂಘದ ಸಾಲ ಇತ್ತು. ಉದ್ಯಾವರದ ನಮ್ಮ ಮನೆಯಲ್ಲಿ ಅಮ್ಮ ತನ್ನ ಹೆಸರಿನಲ್ಲಿ ತೆಗೆದುಕೊಟ್ಟದ್ದು. ಕವನಗಳ ಪುಸ್ತಕ, 500 ಪ್ರತಿ. ಪ್ರೆಸ್ಸಿಗೆ 36,000, ಮುಖಪುಟ, ಸಾಗಾಟ ಎಲ್ಲ ಸೇರಿ ಇನ್ನೊಂದು 5,000. ಬೆಲೆ 120 ರೂಪಾಯಿ. ಗೌರವಪ್ರತಿ, ಬಹುಮಾನಕ್ಕೆ ಕಳಿಸಿದ್ದು, ನೆಂಟರು ಹಕ್ಕಿನಿಂದ ಕೊಂಡೊಯ್ದದ್ದು 70. ಅಂಗಡಿಗಳ ಮೂಲಕ 110 ಹೋಯಿತು, ನೂರಕ್ಕೆ ನಲವತ್ತು ಕಮಿಷನ್ ಕಳೆದು ಬಂದದ್ದು 7,920. ಸಭೆ, ಕಾರ್ಯಕ್ರಮಗಳಲ್ಲಿ ನಾನೇ ಕೈಚೀಲದಲ್ಲಿಟ್ಟು ನೂರರಂತೆ ಮಾರಿದ್ದು 180. ಉಳಿದ 140 ಮಂಚದಡಿ ಇವೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಸುತ್ತಿದ್ದೇವೆ. ನಷ್ಟ 15,080. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದ ಅತಿಥಿ ಉಪನ್ಯಾಸಕನಿಗೆ ಇದು ಸಾಹಿತ್ಯದ ವಿಷಯ ಅಲ್ಲ, ಅಕ್ಕಿಯ ವಿಷಯ.

ಲೆಕ್ಕ ಕೇಳಿ ಬೀಡಿ ಕಟ್ಟುತ್ತಿದ್ದ ಅಮ್ಮ ಹೇಳಿದಳು: “ನಾವು ಕಟ್ಟಿ ಕೊಟ್ಟರೆ ಬ್ರಾಂಚಿನವ ಸ್ವಲ್ಪ ಬಿಸಾಡ್ತಾನೆ, ಉಳಿದದ್ದಕ್ಕಾದ್ರೂ ಲೆಕ್ಕ ಬರೀತಾನೆ. ನಿನ್ನದನ್ನು ತೆಗೆದು ನೋಡುವವರೂ ಇಲ್ವಾ ಮಗಾ?”

ಇದು ವಿಮರ್ಶೆಯ ಪ್ರಶ್ನೆಯೇ. ಹಿರಿಯ ವಿಮರ್ಶಕರೊಬ್ಬರಿಗೆ ಪ್ರತಿ ಕೊಟ್ಟಾಗ, “ಒಳ್ಳೆ ಪ್ರಕಾಶಕರ ಮೂಲಕ ಬರಬೇಕಿತ್ತು” ಅಂದರು. ಪುಟ ತೆರೆಯಲಿಲ್ಲ. ಪ್ರಕಾಶಕರ ಜರಡಿ ದಾಟಿದ್ದೇ ಸಾಹಿತ್ಯ ಎಂಬ ನಂಬಿಕೆ ಇದು. ಜರಡಿ ಹಿಡಿದ ಕೈ ಯಾವುದು ಎಂದು ಕೇಳಿದರೆ ಮಾತ್ರ ‘ಜಾತಿ ತರಬೇಡಿ’ ಅನ್ನುತ್ತಾರೆ. ಸ್ವಂತಕ್ಕೆ ಅಚ್ಚು ಹಾಕಿಸಿದ ಜೊಳ್ಳು ನಮ್ಮಲ್ಲೂ ಬೇಕಾದಷ್ಟಿದೆ, ನನ್ನ ಪುಸ್ತಕದಲ್ಲೇ ನಾಲ್ಕೈದು ಪದ್ಯ ತೆಗೆಯಬೇಕಿತ್ತು. ಅದನ್ನು ಓದಿ ಹೇಳಲಿ, ಮೊದಲ ಪುಟದ ಪ್ರಕಾಶಕರ ಹೆಸರು ನೋಡಿ ಅಲ್ಲ.

1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ, ತಾನೇ ಕರೆದ ಅಧ್ಯಕ್ಷರ ಭಾಷಣ ಅರಗದೆ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರರು ಆ ಭಾಷಣವನ್ನು ತಾವೇ ಪ್ರಕಟಿಸಿದರು. 1500 ಪ್ರತಿ ಎರಡು ತಿಂಗಳಲ್ಲಿ ಮುಗಿಯಿತು. ‘ಜಾತಿ ವಿನಾಶ’ ಕೂಡ ಲೇಖಕರೇ ಪ್ರಕಟಿಸಿದ್ದು. ಜರಡಿ ಹಿಡಿದವರು ಸುಧಾರಕರೇ ಆಗಿದ್ದರು ಎಂಬುದನ್ನು ಗಮನಿಸಬೇಕು.

ನನ್ನ 180ರಲ್ಲಿ 43 ಪ್ರತಿ ಹೋದದ್ದು ಒಂದೇ ಸಂಜೆ, ಏಪ್ರಿಲ್ 14ರ ಸಭೆಯಲ್ಲಿ. ಓದು ಬಾರದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಹತ್ತರ ನೋಟುಗಳನ್ನು ಎಣಿಸಿ ಕೊಟ್ಟರು. ಮೊಮ್ಮಗಳ ಹೆಸರು ಬರೆದುಕೊಡು ಅಂದರು. ಬರೆದೆ. ಆ ಹುಡುಗಿ ಎರಡು ವಾರ ಬಿಟ್ಟು ಫೋನ್ ಮಾಡಿ, ಮೂವತ್ತೊಂದನೇ ಪುಟದ ಪದ್ಯ ಯಾಕೆ ಅರ್ಧಕ್ಕೇ ನಿಂತಿದೆ ಎಂದು ಕೇಳಿದಳು. ಪುಸ್ತಕಕ್ಕೆ ಈವರೆಗೆ ಬಂದ ವಿಮರ್ಶೆ ಅದೊಂದೇ.