ಬಹುಮಾನ ಯಾರ ಕೈಯಲ್ಲಿ? ಮುಂಬಯಿಯ ಶ್ವಾನಶಿಕ್ಷಣ ಪದ್ಧತಿಯ ಒಂದು ವಿಮರ್ಶೆ

ಮುಂಬಯಿಯ ಮನೆಗಳಲ್ಲಿ ನಾಯಿಯನ್ನು ಪಳಗಿಸುವ ಕ್ರಮ ಕಳೆದ ಸುಮಾರು ಮೂರು ದಶಕಗಳಲ್ಲಿ ಸಾಕಷ್ಟು ಬದಲಾಗಿದೆ. ಗದರಿಕೆ, ಏಟು, ಎಳೆದಷ್ಟೂ ಕೊರಳನ್ನು ಬಿಗಿಯುವ ಸರಪಳಿ, ಇವುಗಳ ಬಲದ ಮೇಲೆ ನಿಂತಿದ್ದ ಹಳೆಯ ಶಿಸ್ತಿನ ಜಾಗದಲ್ಲಿ ತಿನಿಸು, ಆಟ ಮತ್ತು ತಾಳ್ಮೆಯನ್ನು ಆಧರಿಸಿದ ಪದ್ಧತಿಯೊಂದು ಬೇರೂರುತ್ತಿದೆ. ಈ ಪದ್ಧತಿಯ ತತ್ತ್ವವೂ ಗಟ್ಟಿಯಾದದ್ದು, ಅದರ ಬೆನ್ನಿಗಿರುವ ಪ್ರಯೋಗಗಳೂ ಗಟ್ಟಿಯಾದವು. ಆದರೆ ಈ ನಗರದಲ್ಲಿ ಅದನ್ನು ಮಾರುವ ಮತ್ತು ಕೊಳ್ಳುವ ರೀತಿಯಲ್ಲಿ ಆ ತತ್ತ್ವದ ಅರ್ಧಭಾಗ ಕಳೆದುಹೋಗಿದೆ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಸಂಗತಿ.

ತತ್ತ್ವದ ತಿರುಳು ಸರಳವಾಗಿದೆ. ಯಾವ ನಡತೆಯ ಬೆನ್ನಿಗೇ ಪ್ರಾಣಿಗೆ ಹಿತವಾದದ್ದು ದೊರೆಯುತ್ತದೆಯೋ ಆ ನಡತೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮನಶ್ಶಾಸ್ತ್ರದ ಪಠ್ಯಗಳು ಇದನ್ನು ಪುನರ್ಬಲನ ಎಂದು ಕರೆಯುತ್ತವೆ. ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ನಿರೂಪಿಸಿದ ಈ ನಿಯಮವನ್ನು ಅವರ ಬಳಿ ಕೆಲಸ ಮಾಡಿದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲಿ ಪ್ರಯೋಗಾಲಯದಿಂದ ಹೊರತಂದು ನಾಯಿ, ಕೋಳಿ ಮುಂತಾದ ಪ್ರಾಣಿಗಳ ತರಬೇತಿಗೆ ಅಳವಡಿಸಿದರು. ಅನಂತರ ಡಾಲ್ಫಿನ್‌ಗಳನ್ನು ಪಳಗಿಸಿದ ಅನುಭವದ ಮೇಲೆ ಕರೆನ್ ಪ್ರಯರ್ 1984ರಲ್ಲಿ ಬರೆದ ಪುಸ್ತಕ ಅದನ್ನು ಸಾಮಾನ್ಯ ನಾಯಿಸಾಕಣೆದಾರರಿಗೆ ತಲುಪಿಸಿತು. ಡಾಲ್ಫಿನ್‌ನ ಕೊರಳಿಗೆ ಪಟ್ಟಿ ಕಟ್ಟಲಾಗದು, ಸಿಟ್ಟಾದರೆ ಅದು ಈಜಿ ದೂರ ಹೋಗಿಬಿಡುತ್ತದೆ. ಹೀಗಾಗಿ ಅದರ ತರಬೇತುದಾರರಿಗೆ ಸಿಳ್ಳೆ ಮತ್ತು ಮೀನು ಇವೆರಡೇ ಉಪಕರಣಗಳು. ನಾಯಿಯ ಪಾಠದಲ್ಲಿ ಸಿಳ್ಳೆಯ ಕೆಲಸವನ್ನು ಕ್ಲಿಕ್ಕರ್, ಅಂದರೆ ಒತ್ತಿದರೆ ಟಿಕ್ಕೆನ್ನುವ ಪುಟ್ಟ ಡಬ್ಬಿ, ಮಾಡುತ್ತದೆ. ಸರಿಯಾದ ನಡತೆ ಘಟಿಸಿದ ಆ ಕ್ಷಣವನ್ನೇ ಅದರ ಸದ್ದು ಗುರುತಿಸಿ ತೋರಿಸುವುದರಿಂದ, ತಿನಿಸು ಒಂದೆರಡು ಕ್ಷಣ ತಡವಾಗಿ ಬಂದರೂ ಯಾವುದಕ್ಕಾಗಿ ಬಂತೆಂಬುದು ನಾಯಿಗೆ ಗೊಂದಲವಾಗುವುದಿಲ್ಲ.

ಇದಕ್ಕೆ ಎದುರಾಗಿ ನಿಂತ ಹಳೆಯ ಪರಂಪರೆಗೆ ಜರ್ಮನಿಯ ಪೊಲೀಸ್ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ ಮುಖ್ಯ ಆಧಾರಗಳಲ್ಲಿ ಒಂದು. ಬಂಧನದಲ್ಲಿದ್ದ ತೋಳಗಳನ್ನು ಕುರಿತು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನವು ಮುಂದೆ ಆ ಪರಂಪರೆಗೆ ಒಂದು ಸಿದ್ಧಾಂತವನ್ನೂ ಒದಗಿಸಿತು: ಹಿಂಡಿಗೊಬ್ಬ ದಣಿ, ಆ ದಣಿಯ ಸ್ಥಾನವನ್ನು ಮನುಷ್ಯ ಕಸಿದುಕೊಳ್ಳಬೇಕು. ಈ ವಿಚಾರವನ್ನು 1970ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ 1999ರ ಲೇಖನದಲ್ಲಿ, ಕಾಡಿನ ತೋಳದ ಹಿಂಡು ತಂದೆ, ತಾಯಿ, ಮರಿಗಳ ಕುಟುಂಬವೇ ಹೊರತು ಪಟ್ಟಕ್ಕಾಗಿ ಕಾದಾಡುವ ಗುಂಪಲ್ಲ ಎಂದು ತಿದ್ದಿಕೊಂಡರು. ಹಾಗಿದ್ದರೂ ‘ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು’ ಎಂಬ ಮಾತು ಮುಂಬಯಿಯ ಸೊಸೈಟಿಗಳ ಅಂಗಳದಲ್ಲಿ ಇಂದಿಗೂ ಕೇಳಿಬರುತ್ತದೆ. ತಪ್ಪೆಂದು ಸಾಬೀತಾದ ಸಿದ್ಧಾಂತಗಳಿಗೆ ಆಯುಸ್ಸು ಹೆಚ್ಚೇ ಇರುತ್ತದೆ.

ಪ್ರಯೋಗಗಳ ಸಾಕ್ಷ್ಯ ಹೊಸ ಪದ್ಧತಿಯ ಕಡೆಗೇ ವಾಲುತ್ತದೆ. ಕರೆದರೆ ಬಾರದ, ಬೆನ್ನಟ್ಟುವ ಚಾಳಿಯಿರುವ 63 ನಾಯಿಗಳನ್ನು ಆರಿಸಿಕೊಂಡು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯುದಾಘಾತ ನೀಡುವ ಕೊರಳಪಟ್ಟಿಯಿಂದ ಬಹುಮಾನದ ಪಾಠಕ್ಕಿಂತ ಹೆಚ್ಚಿನ ಫಲವೇನೂ ಸಿಗಲಿಲ್ಲ, ಉದ್ವೇಗದ ಲಕ್ಷಣಗಳು ಮಾತ್ರ ಹೆಚ್ಚಾಗಿ ಕಂಡವು. ಪೋರ್ಚುಗಲ್‌ನ ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ದಂಡನೆಯ ಪಾಠ ಪಡೆದ ನಾಯಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹೊತ್ತಿನಲ್ಲಿ ದೇಹ ಸ್ರವಿಸುವ ರಸ, ಪಾಠದ ನಂತರ ಹೆಚ್ಚಿರುವುದನ್ನು ತೋರಿಸಿತು.

ಮುಂಬಯಿಗೆ ಈ ವಿಚಾರ ಹೊಸದಾಗಿ ಬಂದಂತೆ ಕಂಡರೂ, ಅದರ ಅತ್ಯಂತ ಪ್ರಬಲ ರೂಪ ಪೊಲೀಸ್ ಇಲಾಖೆಯಲ್ಲಿ ಬಹುಕಾಲದಿಂದ ಇದೆ. 1993ರ ಸರಣಿ ಸ್ಫೋಟಗಳ ಸಂದರ್ಭದಲ್ಲಿ ನಗರದ ಬಾಂಬ್ ಪತ್ತೆ ದಳದಲ್ಲಿದ್ದ ‘ಝಂಜೀರ್’ ಎಂಬ ಲ್ಯಾಬ್ರಡಾರ್ 3,329 ಕಿಲೋ ಆರ್‌ಡಿಎಕ್ಸ್ ಪತ್ತೆಹಚ್ಚಿದ್ದು, 2000ದ ನವೆಂಬರಿನಲ್ಲಿ ಅದು ತೀರಿಕೊಂಡಾಗ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದ್ದು ನಗರದ ನೆನಪಿನಲ್ಲಿ ಉಳಿದಿದೆ; 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯ ವೇಳೆ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ನಾಯಿಗಳ ಹೆಸರೂ ಹಾಗೆಯೇ ಉಳಿದಿದೆ. ವಾಸನೆ ಪತ್ತೆಯ ನಾಯಿಗಳನ್ನು ಇಂದು ತಯಾರು ಮಾಡುವ ಸಾಮಾನ್ಯ ಕ್ರಮವೆಂದರೆ, ಸ್ಫೋಟಕದ ವಾಸನೆಯನ್ನು ನಾಯಿಗೆ ಪ್ರಿಯವಾದ ಚೆಂಡಿನೊಂದಿಗೆ ಜೋಡಿಸಿ, ಆ ವಾಸನೆ ಸಿಕ್ಕಿದೊಡನೆ ನಾಯಿ ಕೆರೆಯದೆ, ಬೊಗಳದೆ ಸುಮ್ಮನೆ ಕೂತರೆ ಚೆಂಡಾಟ ಆರಂಭವಾಗುತ್ತದೆ ಎಂದು ಕಲಿಸುವುದು. ಸಾವಿನ ಸಾಮಾನನ್ನು ಹುಡುಕುವ ನಾಯಿಯ ಮಟ್ಟಿಗೆ ಅದು ಕಳೆದುಹೋದ ಚೆಂಡಿನ ಹುಡುಕಾಟ. ಬಿಸ್ಕತ್ತಿನ ಆಸೆ ಹಚ್ಚಿ ನಾಯಿಯನ್ನು ಕೆಡಿಸುವ ಮೃದುಪದ್ಧತಿ ಎಂದು ಇದನ್ನು ತಳ್ಳಿಹಾಕುವವರು, ಇಷ್ಟು ಕಠಿಣವಾದ ಕೆಲಸವೇ ಆಟದ ಮೇಲೆ ನಡೆಯುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆನಾಯಿಗಳ ಪಾಠಕ್ಕೆ ನಗರದಲ್ಲಿ ಗೌರವ ತಂದುಕೊಟ್ಟವರಲ್ಲಿ ಶಿರೀನ್ ಮರ್ಚಂಟ್ ಅವರ ಹೆಸರು ಮುಂಚೂಣಿಯಲ್ಲಿದೆ. ಇಂಗ್ಲೆಂಡಿನ ಜಾನ್ ರೋಜರ್ಸನ್ ಅವರಲ್ಲಿ ಕಲಿತು ಬಂದು, ನಾಯಿಗಳಿಗಾಗಿಯೇ ಒಂದು ಪತ್ರಿಕೆಯನ್ನು ನಡೆಸಿದ ಅವರನ್ನು ಈ ಕ್ಷೇತ್ರದ ಮೊದಲ ಮಹಿಳೆಯೆಂದು 2018ರಲ್ಲಿ ಕೇಂದ್ರ ಸರ್ಕಾರ ಗೌರವಿಸಿತು. ಇಂಥವರ ನಂತರ ಬೆಳೆದ ವೃತ್ತಿಯು ಬಹುಪಾಲು ತಾಸಿನ ಲೆಕ್ಕದ ಸೇವೆಯಾಗಿದೆ. ತರಬೇತುದಾರ ವಾರಕ್ಕೆ ಕೆಲವು ತಾಸು ಬಂದು ‘ಕೂರು’, ‘ನಿಲ್ಲು’, ‘ಬಾ’ ಕಲಿಸಿ ಹೋಗುತ್ತಾನೆ. ಇಲ್ಲವೇ ನಾಯಿಯನ್ನೇ ಕೆಲವು ವಾರ ಊರಾಚೆಯ ತರಬೇತಿ ಕೇಂದ್ರಕ್ಕೆ ಕಳಿಸಲಾಗುತ್ತದೆ. ದೋಷ ಹುಟ್ಟುವುದು ಇಲ್ಲಿಯೇ.

ಪುನರ್ಬಲನದ ನಿಯಮ ತರಬೇತುದಾರನ ತಾಸಿಗೆ ಮಾತ್ರ ಸೀಮಿತವಾಗಿ ಕೆಲಸ ಮಾಡುವುದಿಲ್ಲ, ದಿನದ ಇಪ್ಪತ್ನಾಲ್ಕು ತಾಸೂ ಅದು ಜಾರಿಯಲ್ಲಿರುತ್ತದೆ. ಮುಂಬಯಿಯ ಫ್ಲ್ಯಾಟಿನ ನಾಯಿಯ ದಿನವನ್ನು ಈ ಕಣ್ಣಿನಿಂದ ನೋಡಿದರೆ, ಅದಕ್ಕೆ ಬಹುಮಾನ ಹಂಚುವ ಕೈಗಳು ಎಷ್ಟೆಂಬುದು ಗೊತ್ತಾಗುತ್ತದೆ. ಕರೆಗಂಟೆ ಬಾರಿಸಿದಾಗ ನಾಯಿ ಬೊಗಳುತ್ತದೆ, ಬಂದ ಕೊರಿಯರ್ ಹುಡುಗ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟುಹೋಗುತ್ತಾನೆ. ಅವನು ಹೋಗುವುದು ಹೇಗೂ ಇತ್ತು, ಆದರೆ ತನ್ನ ಬೊಗಳಿಕೆಯೇ ಅವನನ್ನು ಓಡಿಸಿತೆಂದು ನಾಯಿ ಪ್ರತಿ ಬಾರಿಯೂ ಕಲಿಯುತ್ತದೆ. ಹನ್ನೆರಡನೆಯ ಮಹಡಿಯಲ್ಲಿ ಲಿಫ್ಟಿಗಾಗಿ ಕಾಯುವಾಗ ಅದು ಕುಣಿಯುತ್ತದೆ, ಕುಣಿಯುತ್ತಿರುವಾಗಲೇ ಬಾಗಿಲು ತೆರೆಯುತ್ತದೆ. ಮನೆಗೆಲಸದಾಕೆ ತನ್ನ ಡಬ್ಬಿಯಿಂದ ಅಕ್ಕರೆಗೆ ಚಪಾತಿಯ ಚೂರೊಂದನ್ನು ಎಸೆಯುತ್ತಾಳೆ, ಅದೂ ನಾಯಿ ಮೈಮೇಲೆ ಹಾರಿದಾಗ. ಬೆಳಿಗ್ಗೆ ಸಂಜೆ ಅದನ್ನು ಅಡ್ಡಾಡಿಸುವ ಹುಡುಗನ ಕೈಯಲ್ಲಿ ಇನ್ನೂ ನಾಲ್ಕು ಮನೆಗಳ ನಾಯಿಗಳ ಹಗ್ಗಗಳಿರುತ್ತವೆ. ಎಳೆದ ನಾಯಿ ಮುಂದೆ ಹೋಗುತ್ತದೆ, ಎಳೆಯದೆ ನಿಂತು ಮೂಸುವ ನಾಯಿಗೆ ಜಗ್ಗು ಬೀಳುತ್ತದೆ. ಹೀಗೆ ಮನೆಯವರು ಹಣ ಕೊಟ್ಟು ಕಲಿಸಿದ್ದನ್ನು ಮನೆಯ ದಿನಚರಿಯೇ ಹಣವಿಲ್ಲದೆ ಅಳಿಸಿಹಾಕುತ್ತದೆ. ಊರಾಚೆಯ ಕೇಂದ್ರದಿಂದ ಮರಳಿದ ನಾಯಿ ಕೆಲವೇ ದಿನಗಳಲ್ಲಿ ಹಳೆಯ ನಾಯಿಯಾಗುವುದಕ್ಕೂ ಇದೇ ಕಾರಣ, ಏಕೆಂದರೆ ಒಂದು ಜಾಗದಲ್ಲಿ, ಒಬ್ಬನ ಮುಂದೆ ಕಲಿತದ್ದನ್ನು ನಾಯಿ ತಾನಾಗಿ ಬೇರೆ ಜಾಗಕ್ಕೆ, ಬೇರೆಯವರಿಗೆ ಅನ್ವಯಿಸಿಕೊಳ್ಳುವುದಿಲ್ಲ.

ಬಹುಮಾನ ಬಯಸಿದ್ದನ್ನು ಬೆಳೆಸುವುದಿಲ್ಲ, ತಾನು ಬಿದ್ದ ಕಡೆಯದನ್ನು ಬೆಳೆಸುತ್ತದೆ ಎಂಬುದಕ್ಕೆ ಇದೇ ನಗರದ ಚರಿತ್ರೆಯಲ್ಲಿ ನಾಯಿಗಳಿಗೇ ಸಂಬಂಧಿಸಿದ ಕಠೋರ ನಿದರ್ಶನವಿದೆ. 1832ರಲ್ಲಿ ಬೊಂಬಾಯಿಯ ಆಡಳಿತ ಬೀದಿನಾಯಿಗಳನ್ನು ಕೊಂದವರಿಗೆ ತಲೆಗಿಷ್ಟೆಂದು ಹಣ ಕೊಡುತ್ತಿತ್ತು. ಬೀದಿನಾಯಿಯನ್ನೇ ಹುಡುಕುವುದಕ್ಕಿಂತ ಕೈಗೆ ಸಿಕ್ಕಿದ್ದನ್ನು ಕೊಲ್ಲುವುದು ಸುಲಭವಾದ್ದರಿಂದ ಮನೆಗಳ ಸಾಕುನಾಯಿಗಳೂ ಬಲಿಯಾದವು. ನಾಯಿಯನ್ನು ಧಾರ್ಮಿಕವಾಗಿ ಗೌರವಿಸುವ ಪಾರ್ಸಿಗಳು ಆ ಜೂನ್ ತಿಂಗಳಲ್ಲಿ ಬೀದಿಗಿಳಿದು ನಡೆಸಿದ ಪ್ರತಿಭಟನೆ ಇತಿಹಾಸದಲ್ಲಿ ನಾಯಿಗಲಭೆ ಎಂದೇ ದಾಖಲಾಗಿದೆ. ಆಗ ಬಹುಮಾನದಿಂದ ತರಬೇತಾದವರು ಮನುಷ್ಯರು, ಮತ್ತು ಆ ತರಬೇತಿ ಬಹಳ ಚೆನ್ನಾಗಿಯೇ ಫಲಿಸಿತ್ತು.

ಪದ್ಧತಿಯ ಎರಡನೆಯ ಕೊರತೆ ಬಹುಮಾನವೆಂದರೆ ತಿನಿಸು ಎಂದು ತಿಳಿಯುವುದರಲ್ಲಿದೆ. ಅಂಗಡಿಯ ಒಣಮಾಂಸದ ತುಂಡುಗಳ ಪೊಟ್ಟಣ ಹಿಡಿದುಕೊಂಡ ಮನೆಯವರು, ನಾಯಿಗೆ ಈ ನಗರದಲ್ಲಿ ನಿಜವಾಗಿ ದುರ್ಲಭವಾಗಿರುವುದು ಬಯಲು, ವಾಸನೆ ಮತ್ತು ಬಿಡುವು ಎಂಬುದನ್ನು ಮರೆಯುತ್ತಾರೆ. ಹಗ್ಗ ಸಡಿಲವಾಗಿದ್ದಾಗ ನಾಯಿಯನ್ನು ಅದು ಬಯಸಿದ ಮರದ ಬುಡಕ್ಕೆ ಕರೆದೊಯ್ದು ನಿಮಿಷಗಟ್ಟಲೆ ಮೂಸಲು ಬಿಡುವುದು ಯಾವ ಬಿಸ್ಕತ್ತಿಗೂ ಕಡಿಮೆಯಲ್ಲದ ಸಂಬಳ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಅಡ್ಡಾಟ ನಿಂತುಹೋದಾಗ ಇದರ ಬೆಲೆ ತಿಳಿಯುತ್ತದೆ. ಆಗ ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ, ಮನೆಯ ಮೂಲೆಗಳಲ್ಲಿ ದಿನದ ಊಟವನ್ನೇ ಅಡಗಿಸಿಟ್ಟು ಮೂಗಿನಿಂದ ಹುಡುಕಿಸುವ ಆಟಗಳನ್ನು ಒಳ್ಳೆಯ ತರಬೇತುದಾರರು ಹೇಳಿಕೊಡುತ್ತಾರೆ. ಚಿಕ್ಕ ಫ್ಲ್ಯಾಟಿಗೆ ಹೊಂದುವ, ಖರ್ಚಿಲ್ಲದ ಈ ಆಟಗಳು ಇಡೀ ಪದ್ಧತಿಯಲ್ಲಿ ಅತ್ಯಂತ ಮೆಚ್ಚತಕ್ಕ ಭಾಗ.

ತಾಳ್ಮೆಯ ನಿಜವಾದ ಪರೀಕ್ಷೆ ಸದ್ದಿನ ಭಯದಲ್ಲಿ ನಡೆಯುತ್ತದೆ. ಗಣಪತಿ ವಿಸರ್ಜನೆಯ ಢೋಲು ತಾಶೆ, ದೀಪಾವಳಿಯ ಪಟಾಕಿಗಳಿಗೆ ನಡುಗುವ ನಾಯಿಯನ್ನು ಹಬ್ಬದ ದಿನ ಪಳಗಿಸಲಾಗದು. ತಿಂಗಳುಗಳ ಮುಂಚಿನಿಂದ ಅದೇ ಸದ್ದಿನ ಧ್ವನಿಮುದ್ರಣವನ್ನು ನಾಯಿ ಗಮನಿಸಿಯೂ ಬೆದರದಷ್ಟು ಮೆಲ್ಲಗೆ ಕೇಳಿಸುತ್ತ, ಪ್ರತಿ ಸಲವೂ ಇಷ್ಟದ ತಿನಿಸು ಕೊಡುತ್ತ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕು. ಇಲ್ಲಿ ನಡತೆಗೆ ಕೂಲಿ ಕೊಡುವ ಮಾತಿಲ್ಲ. ಸದ್ದಿನ ಬೆನ್ನಿಗೆ ಹಿತವಾದದ್ದು ಬರುತ್ತದೆಂಬ ಹೊಸ ನಂಟನ್ನು ರಷ್ಯದ ವಿಜ್ಞಾನಿ ಪಾವ್ಲೊವ್ ತೋರಿಸಿಕೊಟ್ಟ ದಾರಿಯಲ್ಲಿ ಕಟ್ಟುವ ಕೆಲಸ ಅದು, ಆದ್ದರಿಂದ ನಾಯಿ ಹೆದರಿದ್ದಾಗ ತಿನಿಸು ಕೊಟ್ಟರೆ ಹೆದರಿಕೆ ಹೆಚ್ಚುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ದಸರೆ ಕಳೆದ ಮೇಲೆ ತರಬೇತುದಾರನಿಗೆ ಕರೆ ಮಾಡುವ ಮನೆಗಳಿಗೆ ಈ ಪದ್ಧತಿ ಆ ವರ್ಷ ಹೆಚ್ಚೇನನ್ನೂ ಕೊಡಲಾರದು.

ಪದ್ಧತಿಯ ಪರವಾಗಿರುವವರು ಒಪ್ಪಿಕೊಳ್ಳಬೇಕಾದ ಮಿತಿಯೂ ಒಂದಿದೆ. ನಿಲ್ಲಿಸಿದ ರಿಕ್ಷಾದ ಅಡಿಯಿಂದ ಬೆಕ್ಕು ಚಂಗನೆ ಹಾರಿದಾಗ ಬೆನ್ನಟ್ಟುವ ಸುಖಕ್ಕೆ ಕೈಯಲ್ಲಿರುವ ಕೋಳಿಯ ತುಂಡು ಸಾಟಿಯಾಗದು. ನೋಟದಿಂದಲೇ ಬೇಟೆಯ ಬೆನ್ನು ಹತ್ತುವ ನಮ್ಮ ಮುಧೋಳದಂಥ ತಳಿಯ ನಾಯಿಗಂತೂ ಅದು ಹುಟ್ಟಿನಿಂದ ಬಂದ ಗುಣ. ಇಂಥಲ್ಲಿ ಉದ್ದದ ಹಗ್ಗ, ಜನ ಕಡಿಮೆಯಿರುವ ಹೊತ್ತು, ದೂರದಿಂದಲೇ ಆರಂಭಿಸುವ ಅಭ್ಯಾಸ, ಇವುಗಳನ್ನು ಬಿಟ್ಟು ಬೇರೆ ಉಪಾಯವಿಲ್ಲ. ‘ಹತ್ತೇ ದಿನದಲ್ಲಿ ಪಳಗಿಸುತ್ತೇವೆ’ ಎಂಬ ಜಾಹೀರಾತು ಬಹುಮಾನದ ಹೆಸರು ಹೇಳಿದರೂ ದಂಡನೆಯ ಹೆಸರು ಹೇಳಿದರೂ ಒಂದೇ ಸುಳ್ಳು.

ಬೀದಿಯಿಂದ ಮನೆಗೆ ಬಂದ ನಾಡನಾಯಿಗೆ ಪಾಠ ಹತ್ತುವುದಿಲ್ಲವೆಂಬ ಪೂರ್ವಗ್ರಹವನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಕೋಲ್ಕತ್ತಾದ ಐಐಎಸ್‌ಇಆರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೊಂದಿಗೆ ಮತ್ತೆ ಮತ್ತೆ ಒಡನಾಡಿದ ಬೀದಿನಾಯಿಗಳ ವಿಶ್ವಾಸ ಗಳಿಸುವುದರಲ್ಲಿ ಆಹಾರಕ್ಕಿಂತ ತಲೆ ನೇವರಿಕೆಯೇ ಹೆಚ್ಚು ಫಲ ಕೊಟ್ಟಿತು. ಮುಂಬಯಿಯ ಗಲ್ಲಿಗಳಲ್ಲಿ ದಿನವೂ ಅದೇ ಹೊತ್ತಿಗೆ ಬಂದು, ಹೆಸರು ಹಿಡಿದು ಕರೆದು, ಜಗಳವಾಡದೆ ಕಾದ ನಾಯಿಗೆ ಮೊದಲು ಅನ್ನ ಹಾಕುವ ಸಾಮಾನ್ಯ ಜನರು ಯಾವ ಪ್ರಮಾಣಪತ್ರವೂ ಇಲ್ಲದೆ ಈ ಪದ್ಧತಿಯನ್ನೇ ನಡೆಸುತ್ತಿದ್ದಾರೆ. ಅವರ ನಾಯಿಗಳು ಲಸಿಕೆಯ ಸೂಜಿಗೂ ಸುಲಭವಾಗಿ ಸಿಗುತ್ತವೆ.

ಕಾನೂನಿನ ನೆರವು ಈ ವಿಷಯದಲ್ಲಿ ತೀರ ಕಡಿಮೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಅಧಿನಿಯಮದಲ್ಲಿ ನಾಯಿಯನ್ನು ಹೊಡೆದು ಹಿಂಸಿಸಿದ ಮೊದಲ ಅಪರಾಧಕ್ಕೆ ಹತ್ತರಿಂದ ಐವತ್ತು ರೂಪಾಯಿ ದಂಡವಿದೆ. ನಾಯಿ ಸಾಕಲು ಮಹಾನಗರಪಾಲಿಕೆಯ ಪರವಾನಗಿ ಬೇಕು, ನಾಯಿಗೆ ಪಾಠ ಹೇಳಲು ಯಾರ ಪರವಾನಗಿಯೂ ಬೇಡ. ಹೀಗಿರುವಾಗ ಒಳ್ಳೆಯ ಪಾಠವನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಹೊಣೆ ನಾಯಿ ಸಾಕಿದವರ ಮೇಲೆಯೇ ಬೀಳುತ್ತದೆ. ಅವರು ತರಬೇತುದಾರನನ್ನು ಗೊತ್ತುಮಾಡುವ ಮುನ್ನ ನಾಯಿ ತಪ್ಪಿದಾಗ ಏನು ಮಾಡುತ್ತೀರೆಂದು ಕೇಳಲಿ, ಪಾಠ ಮನೆಯಲ್ಲಿಯೇ ನಡೆಯಬೇಕೆಂದು ಹೇಳಲಿ, ಆ ಪಾಠಕ್ಕೆ ಮನೆಗೆಲಸದಾಕೆಯನ್ನೂ ನಾಯಿ ಅಡ್ಡಾಡಿಸುವ ಹುಡುಗನನ್ನೂ ಕೂರಿಸಿಕೊಂಡು ಅವರ ಆ ತಾಸಿಗೂ ಸಂಬಳ ಕೊಡಲಿ.